ಒಂದು ಬಿಂದಿಗೆ ನೀರಿನ ಹಿಂದೆ

ಕೋಲಾರ ಜಿಲ್ಲೆಯ ಬಹುತೇಕ ದೊಡ್ಡ ಹಳ್ಳಿಗಳಲ್ಲಿ ಶಾಲೆಯ ಪಕ್ಕದಲ್ಲೋ ಪಂಚಾಯಿತಿ ಕಚೇರಿಯ ಎದುರಿಗೋ ಒಂದು ಸಣ್ಣ ಕೊಠಡಿ ಇರುತ್ತದೆ. ಅದರ ಗೋಡೆಯ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂದು ಬರೆದಿರುತ್ತದೆ. ಕಿಂಡಿಯಲ್ಲಿ ನಾಣ್ಯ ಹಾಕಿದರೆ ಒಳಗಿನ ಮೋಟಾರು ಗುರ್ರೆಂದು, ನಲ್ಲಿಯಿಂದ ಅಳತೆಗೆ ಸರಿಯಾಗಿ 20 ಲೀಟರ್ ನೀರು ಬಿದ್ದು ನಿಲ್ಲುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವವರು ಮೊಪೆಡ್ಡಿನ ಕಾಲಿಡುವ ಜಾಗದಲ್ಲಿ ಕ್ಯಾನು ನಿಲ್ಲಿಸಿಕೊಂಡು ಮನೆಗೆ ಹೋಗುತ್ತಾರೆ. ಮನೆಯಲ್ಲಿ ಈ ನೀರಿಗೆ ಬೇರೆ ಜಾಗ, ಬೇರೆ ಹೆಸರು. ಕ್ಯಾನಿನಲ್ಲಿರುವುದು ಕುಡಿಯುವ ನೀರು, ನಲ್ಲಿಯಲ್ಲಿ ಬರುವುದು ಬಳಕೆ ನೀರು. ಎರಡೂ ಒಂದೇ ನೆಲದ ಅಡಿಯಿಂದ ಮೇಲೆ ಬಂದವು. ಒಂದು ನಾಣ್ಯದ ಅಂತರದಲ್ಲಿ ಅವು ಬೇರೆಬೇರೆಯಾಗಿ ನಿಂತಿವೆ.

ಒಂದು ಕಾಲಕ್ಕೆ ಸಾವಿರಾರು ಕೆರೆಗಳಿದ್ದ ಸೀಮೆಯಲ್ಲಿ ನೀರು ಹೀಗೆ ಎರಡಾಗಿ ಒಡೆದದ್ದು ಹೇಗೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನೀರಿನ ಅಣುವಿನ ಗುಣವನ್ನೂ, ಕೋಲಾರದ ಬಂಡೆಯ ಸ್ವಭಾವವನ್ನೂ, ಕೆರೆ ಕಟ್ಟಿದವರ ಲೆಕ್ಕಾಚಾರವನ್ನೂ, ಬಾವಿಯ ಕಟ್ಟೆಯ ಮೇಲೆ ಯಾರು ಹತ್ತಬಹುದಿತ್ತು ಯಾರು ಹತ್ತುವಂತಿರಲಿಲ್ಲ ಎಂಬುದನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ. ನೀರಿನ ಬಗ್ಗೆ ಮಾತು ಬಂದಾಗಲೆಲ್ಲ ನಾವು ಮಳೆಯ ಕಡೆಗೆ ಬೊಟ್ಟು ಮಾಡುತ್ತೇವೆ. ಆದರೆ ಮಳೆಯ ಹನಿಗೂ ಮನುಷ್ಯನ ಬಾಯಿಗೂ ನಡುವೆ ಯಾವ ಏರ್ಪಾಡು ಇದೆ, ಆ ಏರ್ಪಾಡು ಯಾರ ಕೈಯಲ್ಲಿದೆ ಎಂಬುದೇ ಎಲ್ಲ ಕಾಲದಲ್ಲೂ ನೀರಿನ ಲಭ್ಯತೆಯನ್ನು ನಿರ್ಧರಿಸಿದೆ ಎಂದು ನನಗೆ ತೋರುತ್ತದೆ.

ಮೊದಲು ನೀರು ಎಂಬ ವಸ್ತುವನ್ನೇ ನೋಡೋಣ. ಪಂಚಭೂತಗಳಲ್ಲಿ ಒಂದಾಗಿ ನಾವು, ನಾಲ್ಕು ಮೂಲವಸ್ತುಗಳಲ್ಲಿ ಒಂದಾಗಿ ಗ್ರೀಕರು, ನೀರನ್ನು ಒಡೆಯಲಾಗದ ಮೂಲದ್ರವ್ಯವೆಂದೇ ಎಣಿಸಿದ್ದೆವು. 1780ರ ದಶಕದಲ್ಲಿ ಈ ನಂಬಿಕೆ ಕಳಚಿತು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್, ಹೊತ್ತಿ ಉರಿಯುವ ಒಂದು ಅನಿಲವನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಉರಿಸಿದಾಗ ಒಳಗೋಡೆಯ ಮೇಲೆ ಶುದ್ಧ ನೀರಿನ ಹನಿಗಳು ಕೂಡಿಕೊಂಡದ್ದನ್ನು ಕಂಡರು. ಫ್ರಾನ್ಸಿನ ಆಂಟ್ವಾನ್ ಲವಾಸಿಯೆ 1783ರಲ್ಲಿ ನೀರು ಮೂಲವಸ್ತುವಲ್ಲ, ಎರಡು ಅನಿಲಗಳ ಸಂಯುಕ್ತ ಎಂದು ಸಾರಿದರು. ಆ ಉರಿಯುವ ಅನಿಲಕ್ಕೆ ಕೊಟ್ಟ ಹೈಡ್ರೋಜನ್ ಎಂಬ ಹೆಸರಿನ ಅರ್ಥ ನೀರನ್ನು ಹುಟ್ಟಿಸುವುದು ಎಂದು. ನಮ್ಮ ಹಳೆಯ ವಿಜ್ಞಾನ ಪಠ್ಯಗಳಲ್ಲಿದ್ದ ‘ಜಲಜನಕ’ ಎಂಬ ಪದ ಆ ಅರ್ಥವನ್ನು ಮೂಲಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತದೆ. ಅದು ಬಳಕೆಯಿಂದ ಜಾರುತ್ತಿರುವುದು ಒಂದು ನಷ್ಟವೇ ಸರಿ.

ಎರಡು ಜಲಜನಕ, ಒಂದು ಆಮ್ಲಜನಕ ಸೇರಿದ ಈ ಅಣು ನೇರ ಗೆರೆಯಲ್ಲಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಬಾಗಿರುವುದರಿಂದ ಅದರ ಒಂದು ತುದಿಯಲ್ಲಿ ತುಸು ಋಣವಿದ್ಯುತ್ತು, ಇನ್ನೊಂದು ತುದಿಯಲ್ಲಿ ತುಸು ಧನವಿದ್ಯುತ್ತು ನಿಲ್ಲುತ್ತದೆ. ಹೀಗಾಗಿ ಒಂದು ಅಣು ಪಕ್ಕದ ಅಣುವಿನ ಕೈ ಹಿಡಿದುಕೊಳ್ಳುತ್ತದೆ. ಈ ಹಿಡಿತಕ್ಕೆ ಹೈಡ್ರೋಜನ್ ಬಂಧ ಎನ್ನುತ್ತಾರೆ. ನೀರಿನ ಅಣುವಿಗಿಂತ ಭಾರವಾದ ಅಣುವುಳ್ಳ, ಆದರೆ ಇಂಥ ಬಲವಾದ ಹಿಡಿತವಿಲ್ಲದ ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗಿಬಿಡುತ್ತದೆ. ನೀರು ನಮ್ಮ ಹವೆಯಲ್ಲಿ ದ್ರವವಾಗಿ ಉಳಿದು ಬಿಂದಿಗೆಯಲ್ಲಿ ನಿಲ್ಲುವುದು ಈ ಹಿಡಿತದಿಂದಲೇ. ಆ ಹಿಡಿತವನ್ನು ಬಿಡಿಸಿ ಆವಿಯಾಗಬೇಕಾದರೆ ಬಹಳ ಶಾಖ ಬೇಕು, ಒಂದು ಗ್ರಾಂ ನೀರಿಗೆ ಸುಮಾರು 540 ಕ್ಯಾಲೊರಿ. ಮಣ್ಣಿನ ಮಡಕೆಯ ಹೊರಮೈಯಲ್ಲಿ ಜಿನುಗಿದ ನೀರು ಆರುತ್ತಾ ಅಷ್ಟು ಶಾಖವನ್ನು ಮಡಕೆಯಿಂದಲೇ ಸೆಳೆದುಕೊಳ್ಳುವುದರಿಂದ ಬೇಸಗೆಯಲ್ಲೂ ಒಳಗಿನ ನೀರು ತಣ್ಣಗಿರುತ್ತದೆ.

ಇದೇ ಬಾಗಿದ ಅಣುವಿಗೆ ಇನ್ನೊಂದು ಗುಣವಿದೆ, ಕೋಲಾರದ ಕಥೆಗೆ ಅದೇ ಮುಖ್ಯ. ವಿದ್ಯುತ್ತಿನ ಎರಡು ತುದಿಗಳಿರುವುದರಿಂದ ನೀರು ಉಪ್ಪುಗಳನ್ನು, ಖನಿಜಗಳನ್ನು ಬಿಡಿಸಿ ತನ್ನೊಳಗೆ ತೆಗೆದುಕೊಳ್ಳುತ್ತದೆ. ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತ ನೀರು ಆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ಬಾವಿಯ ನೀರಿನಲ್ಲೂ ಅದು ಹಾದು ಬಂದ ದಾರಿಯ ಗುರುತು ಇರುತ್ತದೆ.

ಭೂಮಿಯ ನೀರಿನಲ್ಲಿ ಸಮುದ್ರದ ಉಪ್ಪುನೀರೇ ಶೇ. 97ರಷ್ಟು. ಉಳಿದ ಸಿಹಿನೀರಿನ ಬಹುಪಾಲು ಧ್ರುವಗಳ ಮತ್ತು ಪರ್ವತಗಳ ಹಿಮದಲ್ಲಿ ಹೆಪ್ಪುಗಟ್ಟಿದೆ. ಹಿಮವನ್ನು ಬಿಟ್ಟರೆ, ದ್ರವರೂಪದಲ್ಲಿರುವ ಸಿಹಿನೀರಿನಲ್ಲಿ ಶೇ. 99ರಷ್ಟು ಇರುವುದು ನೆಲದ ಒಳಗೆ. ಕಣ್ಣಿಗೆ ಕಾಣುವ ನದಿ, ಸರೋವರಗಳದ್ದು ಬಹಳ ಸಣ್ಣ ಪಾಲು. ಈ ಅಂಕಿಗಳನ್ನು ಕೇಳಿದ ಕೂಡಲೇ ನೀರು ಅಪರೂಪದ ವಸ್ತುವೆಂಬ ಭಾವನೆ ಬರುತ್ತದೆ. ಆದರೆ ನಮ್ಮೂರಿನ ಅಳತೆಯಲ್ಲಿ ಲೆಕ್ಕ ಹಾಕಿದರೆ ಬೇರೆ ಚಿತ್ರ ಕಾಣುತ್ತದೆ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಎಕರೆಯಲ್ಲಿ 4,047 ಚದರ ಮೀಟರ್. ಹಾಗಾಗಿ ಒಂದು ಎಕರೆ ಹೊಲದ ಮೇಲೆ ವರ್ಷಕ್ಕೆ ಸುಮಾರು 28 ಲಕ್ಷ ಲೀಟರ್ ನೀರು ಬೀಳುತ್ತದೆ. ಹಳ್ಳಿಯ ಮನೆಗಳಿಗೆ ದಿನಕ್ಕೆ ತಲೆಗೆ 55 ಲೀಟರ್ ಕೊಡಬೇಕೆಂಬುದು ಸರ್ಕಾರದ ಇಂದಿನ ಗುರಿ. ಐದು ಜನರ ಮನೆಗೆ ಅದು ದಿನಕ್ಕೆ 275 ಲೀಟರ್, ಅಂದರೆ 15 ಲೀಟರಿನ ಬಿಂದಿಗೆಯಲ್ಲಿ 18 ಬಿಂದಿಗೆ. ವರ್ಷಕ್ಕೆ ಒಂದು ಲಕ್ಷ ಲೀಟರ್. ಒಂದೇ ಎಕರೆಯ ಮೇಲೆ ಬಿದ್ದ ಮಳೆ 28 ಮನೆಗಳಿಗೆ ವರ್ಷವಿಡೀ ಸಾಕು.

ಹಾಗಿದ್ದರೆ ಬರ ಏಕೆ? ಆ ಮಳೆ ವರ್ಷವಿಡೀ ಸಮನಾಗಿ ಬೀಳುವುದಿಲ್ಲ, ಕೆಲವೇ ವಾರಗಳಲ್ಲಿ ಸುರಿದು ಮುಗಿಯುತ್ತದೆ. ಬಯಲುಸೀಮೆಯ ಬಿಸಿಲಿಗೂ ಗಾಳಿಗೂ ಬಿದ್ದ ಮಳೆಯ ಎರಡು ಪಟ್ಟಿನಷ್ಟು ನೀರನ್ನು ಆರಿಸುವ ಶಕ್ತಿಯಿದೆ. ನೆಲದ ಅಡಿಯಲ್ಲಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬೆಣಚು ಶಿಲೆ. ಮೇಲಿನ ಹತ್ತಿಪ್ಪತ್ತು ಮೀಟರ್ ಮಾತ್ರ ಸವೆದು ಮಣ್ಣಿನಂತಾಗಿ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು. ಇಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಂದಿಬೆಟ್ಟದ ಸುತ್ತಮುತ್ತ ಪಾಲಾರ್, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿಗಳು ಹುಟ್ಟಿ ದಿಕ್ಕಿಗೊಂದರಂತೆ ಇಳಿದು ಹೋಗುತ್ತವೆ. ನದಿಗಳು ಹುಟ್ಟುವ ನೆತ್ತಿಯ ಮೇಲೆ ಕೂತವರಿಗೆ ನದಿಯ ನೀರಿಲ್ಲ. ಬಿದ್ದ ಮಳೆಯನ್ನು ಬಿದ್ದಲ್ಲೇ ನಿಲ್ಲಿಸಿಕೊಳ್ಳುವುದಲ್ಲದೆ ಇಲ್ಲಿ ಬದುಕಲು ಬೇರೆ ದಾರಿ ಇರಲಿಲ್ಲ, ಮತ್ತು ಹಿಂದಿನವರು ಅದನ್ನೇ ಮಾಡಿದರು. ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ ಕೋಲಾರ ಜಿಲ್ಲೆಯಲ್ಲಿ 4 ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು.

ಈ ಕೆರೆಗಳನ್ನು ಬಿಡಿಬಿಡಿಯಾಗಿ ನೋಡಬಾರದು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರಾಚೆಗೆ, ಹೀಗೆ ಒಂದು ಕಣಿವೆಯ ಉದ್ದಕ್ಕೂ ಸರಪಳಿ. ಒಂದು ಊರಿನ ಉಳಿಕೆಯೇ ಮುಂದಿನ ಊರಿನ ಗಳಿಕೆ. ಇದಕ್ಕೆ ಬೇಕಾದ ತಿಳಿವಳಿಕೆ ಎಷ್ಟು ಖಚಿತವಾಗಿತ್ತು ಎಂಬುದಕ್ಕೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಶಾಸನ ಸಾಕ್ಷಿ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಬರೆಸಿದ ಈ ಸಂಸ್ಕೃತ ಶಾಸನ ಪುಣ್ಯದ ಮಾತಿನಲ್ಲೇ ನಿಲ್ಲದೆ, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನು ಹೇಳುತ್ತದೆ. ಧರ್ಮಬುದ್ಧಿಯ ಶ್ರೀಮಂತ ಒಡೆಯ, ನೀರಿನ ಶಾಸ್ತ್ರ ಬಲ್ಲವನು, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಎರಡು ಗುಡ್ಡಗಳ ನಡುವೆ ಒತ್ತಾದ ಕಲ್ಲಿನ ಏರಿ, ಉದ್ದವಾದ ನೇರ ಕಲ್ಲು ಸಿಗುವ ಗಣಿ, ಆಳವೂ ವಿಶಾಲವೂ ಆದ ಅಂಗಳ, ಕೆಳಗೆ ಸಮತಟ್ಟಾದ ಫಲವತ್ತಾದ ಗದ್ದೆ, ಕೆಲಸ ಬಲ್ಲ ಆಳುಗಳು ಎಂದು ಪಟ್ಟಿ ಸಾಗುತ್ತದೆ. ಕೆಲಸಕ್ಕೆ ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ಬೇಕಾದವು, ಎರಡು ವರ್ಷ ಹಿಡಿಯಿತು ಎಂಬ ಲೆಕ್ಕವೂ ಅದರಲ್ಲಿದೆ.

ಆ ಶಾಸನದಲ್ಲಿ ನನ್ನ ಗಮನವನ್ನು ಹೆಚ್ಚು ಹಿಡಿದಿಡುವುದು ಕೆರೆಯ ಆರು ದೋಷಗಳ ಪಟ್ಟಿ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಅಂಗಳದ ನಡುವೆ ದಿಬ್ಬ ಎಂಬಂಥ ಕಣ್ಣಿಗೆ ಕಾಣುವ ದೋಷಗಳ ಜೊತೆಗೆ, ನೀರು ಕಡಿಮೆಯಿದ್ದು ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) ಹೆಚ್ಚಿರುವುದು, ನೀರು ಹೆಚ್ಚಿದ್ದು ಅಚ್ಚುಕಟ್ಟು ಕಡಿಮೆಯಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಎಂಬ ಮೂರನ್ನೂ ಅದು ದೋಷವೆಂದೇ ಎಣಿಸುತ್ತದೆ. ಅಂದರೆ ಹಂಚಿಕೆಯ ತಪ್ಪನ್ನೂ ಆಡಳಿತದ ತಪ್ಪನ್ನೂ ಕಟ್ಟಡದ ತಪ್ಪಿನ ಸಾಲಿನಲ್ಲೇ ಇಟ್ಟು ನೋಡಿದವರು ಅವರು. ಗಡಿಯ ದೋಷ ಕೋಲಾರಕ್ಕೆ ಐನೂರು ವರ್ಷಗಳ ನಂತರ ತಟ್ಟಿತು. ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯದ ನಡುವೆ 1892ರಲ್ಲಿ ಆದ ಒಪ್ಪಂದದ ಪ್ರಕಾರ, ಪಾಲಾರ್, ಪಿನಾಕಿನಿ ಸೇರಿದಂತೆ ಪಟ್ಟಿ ಮಾಡಿದ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವಂತಿರಲಿಲ್ಲ.

ಕೆರೆಯನ್ನು ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಕರ್ನಾಟಕದ ಶಾಸನಗಳಲ್ಲಿ ಕೆರೆಯ ಮಾತು 5ನೆಯ ಶತಮಾನದ ತಾಳಗುಂದದ ಸ್ತಂಭದಿಂದಲೂ ಬರುತ್ತದೆ. ಕದಂಬ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ನಂತರದ ಶತಮಾನಗಳ ಶಾಸನಗಳಲ್ಲಿ ಕೆರೆಯ ಹೂಳೆತ್ತುವುದಕ್ಕೆ, ಏರಿಗೆ ಮಣ್ಣು ಹಾಕುವ ಬಂಡಿಗೆ, ತೂಬು ಸರಿಪಡಿಸುವುದಕ್ಕೆ ಬಿಟ್ಟ ಭೂಮಿ, ಕೆರೆಗೆಂದು ಬಿಡುವ ಪಾಲಾದ ಬಿತ್ತುವಟ್ಟದಂಥ ಆದಾಯಗಳು ಮತ್ತೆಮತ್ತೆ ಕಾಣುತ್ತವೆ. ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎಂಬ ಶಾಪವೂ ಕೊನೆಗೆ ಇರುತ್ತದೆ. ಕೆರೆ ತುಂಬಿದಾಗ ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಡುವುದು, ಮದುವೆಗೆ ಮುನ್ನ ಗಂಗೆ ತರುವುದು, ಮನೆಗೆ ಬಂದವರ ಕೈಗೆ ಮೊದಲು ಬೆಲ್ಲ ನೀರು ಕೊಡುವುದು, ದಾರಿಹೋಕರಿಗೆ ಅರವಟ್ಟಿಗೆ ಇಡುವುದು, ಇವೆಲ್ಲ ಆ ವ್ಯವಸ್ಥೆಯ ಜೊತೆಗೇ ಬೆಳೆದ ನಡವಳಿಕೆಗಳು.

ಹಂಚುವ ಕೆಲಸ ನೀರಗಂಟಿಯದು. ಹಳೆಯ ಕೆರೆಯ ತೂಬನ್ನು ಹತ್ತಿರದಿಂದ ನೋಡಿದವರಿಗೆ ಅದರ ಸರಳತೆ ಬೆರಗು ಹುಟ್ಟಿಸುತ್ತದೆ. ಏರಿಯ ಒಳಬದಿಯಲ್ಲಿ ನೀರಿನ ನಡುವೆ ಎರಡು ಎತ್ತರದ ಕಲ್ಲುಕಂಬಗಳು, ಅವುಗಳಿಗೆ ಅಡ್ಡಲಾಗಿ ತೂತುಳ್ಳ ಚಪ್ಪಡಿಗಳು, ಆ ತೂತುಗಳ ಮೂಲಕ ಇಳಿಬಿಟ್ಟ ಉದ್ದನೆಯ ಮರದ ಗಳು, ಗಳುವಿನ ತುದಿಯಲ್ಲಿ ತಳದ ಕಲ್ಲಿನ ದುಂಡು ಕಂಡಿಯನ್ನು ಮುಚ್ಚುವ ಬಿರಡೆ. ಗಳುವನ್ನು ಎಷ್ಟು ಎತ್ತಿದರೆ ಎಷ್ಟು ನೀರು ಏರಿಯಡಿಯ ಕಲ್ಲುಗಾಲುವೆಯಲ್ಲಿ ಹರಿದು ಯಾವ ಗದ್ದೆಯ ಕೊನೆಯವರೆಗೆ ಮುಟ್ಟುತ್ತದೆ ಎಂಬುದು ನೀರಗಂಟಿಯ ಕೈಗೆ ಗೊತ್ತಿರುತ್ತಿತ್ತು. ಯಾರ ಗದ್ದೆಗೆ ಯಾವ ಸರದಿ, ನೀರು ಕಡಿಮೆಯಾದ ವರ್ಷ ಎಷ್ಟು ಅಚ್ಚುಕಟ್ಟಿಗೆ ಮಾತ್ರ ನಾಟಿ ಎಂಬುದನ್ನು ಊರು ಕೂತು ತೀರ್ಮಾನಿಸಿದ ಮೇಲೆ ಅದನ್ನು ನಡೆಸುವವನು ಅವನೇ. ಸುಗ್ಗಿಯಲ್ಲಿ ಕಣದಿಂದ ಕೊಡುವ ಕಾಳು ಮತ್ತು ಒಂದಿಷ್ಟು ಇನಾಮು ಜಮೀನು ಅವನ ಸಂಬಳ.

ಇಲ್ಲಿಗೆ ನಿಲ್ಲಿಸಿದರೆ ಕೆರೆಯ ಕಾಲ ಸುವರ್ಣಕಾಲವೆಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ. ಅನೇಕ ಊರುಗಳಲ್ಲಿ ನೀರಗಂಟಿ ದಲಿತ. ಊರಿನ ಗದ್ದೆಗಳಿಗೆಲ್ಲ ನೀರು ಹಂಚುವ ಆ ಮನುಷ್ಯ ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಅವನ ಮನೆಯ ಹೆಂಗಸರು ಬಾವಿಯಿಂದ ದೂರ ಬಿಂದಿಗೆ ಇಟ್ಟುಕೊಂಡು, ಮೇಲ್ಜಾತಿಯ ಯಾರಾದರೂ ಸೇದಿ ಎತ್ತರದಿಂದ ಹುಯ್ಯುವವರೆಗೆ ಕಾಯಬೇಕಿತ್ತು. ಗಂಗೆ ಎಲ್ಲವನ್ನೂ ತೊಳೆಯುತ್ತಾಳೆ ಎಂದು ನಂಬಿದ ಸಮಾಜವೇ ಮನುಷ್ಯನ ಕೈ ತಗುಲಿದರೆ ಗಂಗೆ ಮೈಲಿಗೆಯಾಗುತ್ತಾಳೆ ಎಂದೂ ನಂಬಿತು. ನೀರಿನ ಸಂಸ್ಕೃತಿಯನ್ನು ಕೊಂಡಾಡುವ ಬರಹಗಳು ಈ ಪುಟವನ್ನು ಹಾರಿಸಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಕಾನೂನಿನ ಮೂಲಕ ಇದು ಬದಲಾಗತೊಡಗಿದ್ದು 1923ರಲ್ಲಿ, ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಬೇಕೆಂದು ಎಸ್. ಕೆ. ಬೋಳೆಯವರು ಮಂಡಿಸಿದ ನಿರ್ಣಯವನ್ನು ಮುಂಬೈ ಶಾಸನ ಪರಿಷತ್ತು ಅಂಗೀಕರಿಸಿದಾಗ. ಧಾರವಾಡ, ಬಿಜಾಪುರ, ಬೆಳಗಾವಿಗಳೂ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ನಿರ್ಣಯ ಕಾಗದದಲ್ಲೇ ಉಳಿದಾಗ, 1927ರ ಮಾರ್ಚ್ 20ರಂದು ಬಿ. ಆರ್. ಅಂಬೇಡ್ಕರ್ ಅವರು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಮೇಲ್ಜಾತಿಯವರು ಕೆರೆಯನ್ನು ಗಂಜಲ ಸಗಣಿ ಹಾಕಿ ಶುದ್ಧೀಕರಿಸಿದರು. ಕೆರೆ ಖಾಸಗಿ ಆಸ್ತಿಯೆಂಬ ಅವರ ದಾವೆ ಬಿದ್ದುಹೋಗಿ ಮುಂಬೈ ಹೈಕೋರ್ಟಿನಲ್ಲಿ ಅಂತಿಮ ತೀರ್ಪು ಬರುವ ವೇಳೆಗೆ 1937 ಆಗಿತ್ತು. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಪದಗಳನ್ನು ಹೆಸರಿಸಿಯೇ ಬರೆದಿರುವುದರ ಹಿಂದೆ ಇಂಥ ಬೊಗಸೆಗಳಿವೆ.

ಸ್ವಾತಂತ್ರ್ಯದ ನಂತರ ಕೆರೆಯ ಏರ್ಪಾಡು ಕೈಯಿಂದ ಕೈಗೆ ಜಾರಿತು. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯ್ದೆ ಸಾಮಾಜಿಕವಾಗಿ ಬೇಕಾಗಿದ್ದ ಕಾಯ್ದೆಯೇ. ಆದರೆ ಹಳೆಯ ಹುದ್ದೆಗಳ ಜಾಗದಲ್ಲಿ ಕೆರೆಯ ದಿನದ ಆರೈಕೆಗೆ ಹೊಸ ಕೈಗಳು ಬರಲಿಲ್ಲ. ಇಲಾಖೆಯ ಕಡತದಲ್ಲಿ ಕೆರೆ ಉಳಿಯಿತು, ಅಂಗಳದಲ್ಲಿ ಹೂಳು ತುಂಬಿತು, ಪೋಷಕ ಕಾಲುವೆಗಳ ಮೇಲೆ ಒತ್ತುವರಿಯಾಯಿತು, ಮೇಲಿನ ಗೋಮಾಳಗಳಲ್ಲಿ ನೀಲಗಿರಿ ತೋಪುಗಳು ಎದ್ದವು.

ಇದೇ ಹೊತ್ತಿಗೆ ಬಂಡೆಯನ್ನು ಕೊರೆಯುವ ಯಂತ್ರ ಬಂತು. ಹಳ್ಳಿಗರು ಇಂದಿಗೂ ‘ಬೋರಿಂಗ್’ ಎಂದು ಕರೆಯುವ ಕೈಪಂಪು ಬರಗಾಲದ ಊರುಗಳಿಗೆ ಜೀವ ಕೊಟ್ಟ ಸಾಧನ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ‘ಇಂಡಿಯಾ ಮಾರ್ಕ್ 2’ ಪಂಪು ಇಲ್ಲಿಂದ ಹೊರಟು ಆಫ್ರಿಕಾದ ಹಳ್ಳಿಗಳನ್ನೂ ಮುಟ್ಟಿತು. ಕರ್ನಾಟಕದಲ್ಲಿ 1983ರ ನಂತರ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಈ ಬೋರಿಂಗಿನ ಒಂದು ಸಾಮಾಜಿಕ ಗುಣವನ್ನು ನೆನೆಯಲೇಬೇಕು: ದಲಿತ ಕೇರಿಗೇ ಒಂದು ಕೈಪಂಪು ಬಂದಾಗ ಬೇರೆಯವರ ಬಾವಿಕಟ್ಟೆಯ ಕೆಳಗೆ ಕಾಯುವ ಅವಮಾನ ಎಷ್ಟೋ ಮನೆಗಳಿಗೆ ತಪ್ಪಿತು.

ಆದರೆ ಕುಡಿಯುವ ನೀರಿಗಾಗಿ ಬಂದ ಯಂತ್ರ ಹೊಲಕ್ಕೂ ಹೋಯಿತು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದ ನೆಲದ ಒಡೆಯನೇ ಅದರಡಿಯ ನೀರಿಗೂ ಒಡೆಯ ಎಂಬ ನೋಟ ನಡೆದುಬಂದಿದೆ. ಕೆರೆಯ ನೀರಿಗೆ ಊರ ಸರದಿಯಿತ್ತು, ಬಿರುಕಿನ ನೀರಿಗೆ ಸರದಿಯಿಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ ಮೇಲೆ ಆಳದ ಪೈಪೋಟಿ ಶುರುವಾಯಿತು. ಎಕರೆ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕೆಂದರೆ ಅದು 48 ಲಕ್ಷ ಲೀಟರ್, ನಮ್ಮ ಹಿಂದಿನ ಲೆಕ್ಕದಲ್ಲಿ 48 ಮನೆಗಳ ಒಂದು ವರ್ಷದ ನೀರು. ರೈತನನ್ನು ದೂರುವ ಮಾತಲ್ಲ ಇದು. ಟೊಮೆಟೊ, ರೇಷ್ಮೆ, ಹಾಲುಗಳಿಂದ ಕೋಲಾರ ಎಷ್ಟೋ ಊರುಗಳ ಹೊಟ್ಟೆ ಹೊರೆದಿದೆ, ಅದಕ್ಕಾಗಿ ಮಾಡಿದ ಸಾಲದ ಬಹುಭಾಗ ವಿಫಲವಾದ ಕೊಳವೆಬಾವಿಗಳ ರೂಪದಲ್ಲಿ ರೈತನ ತಲೆಯ ಮೇಲೆಯೇ ಇದೆ. ಸಾವಿರ ಅಡಿ, ಅದಕ್ಕೂ ಆಳ ಕೊರೆದು ನೀರು ಕಾಣದ ಹೊಲಗಳು ಇಲ್ಲಿ ಲೆಕ್ಕವಿಲ್ಲದಷ್ಟಿವೆ.

ಆಳದ ನೀರು ಹಳೆಯ ನೀರು. 1950ರ ದಶಕದಿಂದ ನಡೆದ ಹೈಡ್ರೋಜನ್ ಬಾಂಬ್ ಪರೀಕ್ಷೆಗಳಿಂದ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಪ್ರಪಂಚದ ಮಳೆಯಲ್ಲೆಲ್ಲ ಬೆರೆಯಿತು. ಅದರ ಅರ್ಧಾಯುಷ್ಯ 12 ವರ್ಷಕ್ಕೆ ತುಸು ಹೆಚ್ಚು. ಹಾಗಾಗಿ ಬಾವಿಯ ನೀರಿನಲ್ಲಿ ಟ್ರಿಟಿಯಂ ಇದ್ದರೆ ಅದು ಇತ್ತೀಚಿನ ಮಳೆ. ಬಹುತೇಕ ಇಲ್ಲದಿದ್ದರೆ ಆ ಪರೀಕ್ಷೆಗಳಿಗೂ ಮುಂಚೆ ನೆಲಕ್ಕಿಳಿದದ್ದು ಎಂದು ವಿಜ್ಞಾನಿಗಳು ನೀರಿನ ವಯಸ್ಸು ಹೇಳುತ್ತಾರೆ. ಹಳೆಯ ನೀರು ಕಲ್ಲಿನೊಡನೆ ಹೆಚ್ಚು ಕಾಲ ಕಳೆದಿರುತ್ತದೆ. ಬೆಣಚು ಶಿಲೆಯ ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಆದರೆ ಒಣಸೀಮೆಯ ಆಳದ ನೀರಿನಲ್ಲಿ ಸುಣ್ಣ ಮೊದಲೇ ಹರಳುಗಟ್ಟಿ ಬಿದ್ದುಹೋಗಿ ಕ್ಷಾರ ಹೆಚ್ಚಿರುವುದರಿಂದ ಫ್ಲೋರೈಡ್ ಬಿಡುಬೀಸಾಗಿ ಉಳಿಯುತ್ತದೆ.

ಬಯಲುಸೀಮೆಯ ಮನೆಗಳಲ್ಲಿ ನೀರನ್ನು ಅಳೆಯುವ ಪದ್ಧತಿಯೇ ಬೇರೆಯಿತ್ತು. ಬೇಳೆ ಬೇಯುತ್ತದೆಯೇ, ಸೋಪಿಗೆ ನೊರೆ ಬರುತ್ತದೆಯೇ, ನಾಲಿಗೆಗೆ ಸಿಹಿಯೇ ಉಪ್ಪೇ ಎಂದು ನೋಡಿ, ಬೇಳೆ ಬೇಯದ ನೀರನ್ನು ಗಡಸೆಂದು ಬದಿಗಿಡುತ್ತಿದ್ದರು. ಈ ಪರೀಕ್ಷೆಗಳೆಲ್ಲ ಹಿಡಿಯುವುದು ಸುಣ್ಣದ ಅಂಶವನ್ನು. ಫ್ಲೋರೈಡ್ ಹೆಚ್ಚಿರುವ ನೀರು ಎಷ್ಟೋ ಸಲ ಮೆದುವಾಗಿಯೇ ಇರುತ್ತದೆ, ಬೇಳೆ ಚೆನ್ನಾಗಿ ಬೇಯುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಅಜ್ಜಿಯಂದಿರ ಅನುಭವ ಕೈಕೊಟ್ಟದ್ದು ಇಲ್ಲಿ. ಅದು ಅವರ ತಪ್ಪಲ್ಲ, ಅವರ ಕಾಲದಲ್ಲಿ ಬಾವಿ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಭಾರತದಲ್ಲಿ ಫ್ಲೋರೈಡಿನಿಂದ ಬರುವ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಲೀಟರಿಗೆ ಒಂದು ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿಗಳು ಬಂದು ಜೀವನಪೂರ್ತಿ ಉಳಿಯುತ್ತವೆ. ಇನ್ನೂ ಹೆಚ್ಚಾದರೆ, ವರ್ಷಗಳು ಕಳೆದಂತೆ ಮೂಳೆಗಳೂ ಕೀಲುಗಳೂ ಬಿಗಿದು ಮನುಷ್ಯ ಬಾಗಿ ಕೂರುವುದೂ ಕಷ್ಟವಾಗುತ್ತದೆ.

ನಾಣ್ಯ ಹಾಕುವ ಆ ಕೊಠಡಿ ಹುಟ್ಟಿದ್ದು ಇದಕ್ಕೆ ಉತ್ತರವಾಗಿ. ಒಳಗಿರುವ ಯಂತ್ರ ಒತ್ತಡ ಹಾಕಿ ನೀರನ್ನು ಬಹಳ ಸೂಕ್ಷ್ಮವಾದ ಪೊರೆಯ ಮೂಲಕ ದಾಟಿಸುತ್ತದೆ. ನೀರಿನ ಅಣು ದಾಟುತ್ತದೆ, ಉಪ್ಪುಗಳೂ ಫ್ಲೋರೈಡೂ ಬಹುಮಟ್ಟಿಗೆ ಈಚೆಗೇ ಉಳಿಯುತ್ತವೆ. ಒಳಹೋದ ನೀರಿನ ಅರ್ಧದಷ್ಟು, ಕೆಲವು ಸಲ ಅದಕ್ಕಿಂತ ಹೆಚ್ಚು, ಉಪ್ಪು ತುಂಬಿದ ತ್ಯಾಜ್ಯವಾಗಿ ಚರಂಡಿಗೆ ಹೋಗುತ್ತದೆ. ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಯಂತ್ರದಿಂದ ಬರುವ ನೀರು ಮೊದಲಿನ ನೀರೇ. ಆದ್ದರಿಂದ ಘಟಕದ ಗೋಡೆಯ ಮೇಲೆ ಉದ್ಘಾಟನೆಯ ಫಲಕಕ್ಕಿಂತ ಮೊದಲು, ಕಳೆದ ತಿಂಗಳು ಪರೀಕ್ಷಿಸಿದಾಗ ನೀರಿನಲ್ಲಿ ಫ್ಲೋರೈಡ್ ಎಷ್ಟಿತ್ತು ಎಂಬ ಅಂಕಿ ಕಾಣಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಪಂಚದ ಮಟ್ಟದಲ್ಲಿ ‘ನೀರು ಸಿಗುವುದು’ ಎಂಬ ಮಾತಿನ ಅರ್ಥವೂ ಹೀಗೇ ನಿಧಾನವಾಗಿ ಬದಲಾಗಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕಾಲರಾ ಸಾವುಗಳು ಒಂದೇ ಪಂಪಿನ ಸುತ್ತ ಕೂಡಿಕೊಂಡಿವೆ ಎಂದು ವೈದ್ಯ ಜಾನ್ ಸ್ನೋ ತೋರಿಸಿದ ಮೇಲೆ, ಕಣ್ಣಿಗೆ ತಿಳಿಯಾದ ನೀರೂ ಕೊಲ್ಲಬಹುದೆಂಬುದು ನಗರಗಳ ಆಡಳಿತಕ್ಕೆ ಅರ್ಥವಾಗತೊಡಗಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಶುದ್ಧ ಕುಡಿಯುವ ನೀರನ್ನು ಮಾನವ ಹಕ್ಕೆಂದು ಒಪ್ಪಿದ್ದು 2010ರ ಜುಲೈ 28ರಂದು. ಭಾರತ ಸೇರಿ 122 ದೇಶಗಳು ಪರವಾಗಿ ಮತ ಹಾಕಿದವು, ವಿರುದ್ಧ ಯಾರೂ ಹಾಕಲಿಲ್ಲ, 41 ದೇಶಗಳು ತಟಸ್ಥವಾಗಿ ಉಳಿದವು. ಈಗ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲಭ್ಯತೆಯನ್ನು ಮೆಟ್ಟಿಲುಗಳಲ್ಲಿ ಅಳೆಯುತ್ತವೆ. ಸುರಕ್ಷಿತ ಮೂಲಕ್ಕೆ ಹೋಗಿ, ಸರದಿ ನಿಂತು, ವಾಪಸು ಬರಲು 30 ನಿಮಿಷದೊಳಗೆ ಆದರೆ ಅದು ಮೂಲಭೂತ ಸೇವೆ. ಮನೆಯ ಆವರಣದಲ್ಲೇ, ಬೇಕಾದ ಹೊತ್ತಿಗೆ, ರೋಗಾಣುಗಳಿಂದಲೂ ಫ್ಲೋರೈಡ್, ಆರ್ಸೆನಿಕ್‌ಗಳಂಥ ರಾಸಾಯನಿಕಗಳಿಂದಲೂ ಮುಕ್ತವಾದ ನೀರು ಸಿಕ್ಕರೆ ಮಾತ್ರ ಮೇಲಿನ ಮೆಟ್ಟಿಲು. ಆ ಮೇಲಿನ ಮೆಟ್ಟಿಲು ಮುಟ್ಟದವರು 2022ರಲ್ಲಿ 220 ಕೋಟಿ ಜನ. ಕೋಲಾರದ ಮನೆಯ ನಲ್ಲಿ ಈ ಲೆಕ್ಕದಲ್ಲಿ ಒಂದು ವಿಚಿತ್ರ ಜಾಗದಲ್ಲಿ ನಿಲ್ಲುತ್ತದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಅಂಗಳಕ್ಕೆ ನಲ್ಲಿಯನ್ನು ತಂದಿದೆ ಮತ್ತು ಹೆಂಗಸರ ಸೊಂಟದಿಂದ ಎಷ್ಟೋ ಬಿಂದಿಗೆಗಳನ್ನು ಇಳಿಸಿದೆ. ಅದು ಸಣ್ಣ ಮಾತಲ್ಲ. ಆದರೆ ನಲ್ಲಿಯ ಇನ್ನೊಂದು ತುದಿ ಅದೇ ಆಳದ ಬಿರುಕಿನಲ್ಲಿದ್ದರೆ, ಮೇಲಿನ ಮೆಟ್ಟಿಲಿಗೆ ಬೇಕಾದ ಮೂರು ಷರತ್ತುಗಳಲ್ಲಿ ಒಂದು ಮಾತ್ರ ಪೂರೈಸಿದಂತಾಗುತ್ತದೆ.

ನೆರೆಯ ಬೆಂಗಳೂರು ಬೇರೆ ದಾರಿ ಹಿಡಿಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ಕಾವೇರಿಯಿಂದ ಕೊಳವೆಯಲ್ಲಿ ನೀರು ತರಿಸಿಕೊಂಡ ನಗರ ತನ್ನ ಕೆರೆಗಳ ಅಂಗಳವನ್ನು ಬಸ್ ನಿಲ್ದಾಣಕ್ಕೂ ಕ್ರೀಡಾಂಗಣಕ್ಕೂ ಬಿಟ್ಟುಕೊಟ್ಟಿತು. ಇಂದು ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ, ಹಂತಹಂತವಾಗಿ ಪಂಪಾಗಿ ಮೇಲೇರಿ ಬರುತ್ತದೆ. ಆ ನೀರು ಅಡುಗೆಮನೆ, ಬಚ್ಚಲುಮನೆಗಳಲ್ಲಿ ಬಳಕೆಯಾಗಿ ಕೊಳಚೆಯಾದ ಮೇಲೆ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳಲ್ಲಿ ಸಂಸ್ಕರಣೆಗೊಂಡು, 2018ರ ಜೂನ್‌ನಿಂದ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಜನ ಇದನ್ನು ಕೆ.ಸಿ. ವ್ಯಾಲಿ ನೀರು ಎನ್ನುತ್ತಾರೆ. ದಿನಕ್ಕೆ 44 ಕೋಟಿ ಲೀಟರ್ ಹರಿಸುವುದು ಯೋಜನೆಯ ಗುರಿ. ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಕೊಡಗಿನಲ್ಲಿ ಹುಟ್ಟಿ ಬಂಗಾಳಕೊಲ್ಲಿಗೆ ಹೋಗಬೇಕಿದ್ದ ನೀರು, ಒಂದು ಮಹಾನಗರವನ್ನು ತೊಳೆದು, ಬೇರೆ ನದಿಗಳ ಕಣಿವೆಯ ಕೆರೆಗಳಲ್ಲಿ ಬಂದು ಕೂತಿದೆ.

ವಿವಾದವಿರುವುದು ಸಂಸ್ಕರಣೆಯ ಹಂತದಲ್ಲಿ. ಮೊದಲ ಹಂತದಲ್ಲಿ ಕಸ ಮಡ್ಡಿ ತಳಕ್ಕಿಳಿಯುತ್ತದೆ, ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆಯುವ ಪದಾರ್ಥವನ್ನು ತಿಂದು ತಗ್ಗಿಸುತ್ತವೆ, ಮೂರನೆಯ ಹಂತದಲ್ಲಿ ಸಾರಜನಕ, ರಂಜಕ ಮತ್ತು ರೋಗಾಣುಗಳನ್ನು ಇನ್ನಷ್ಟು ತೆಗೆಯುತ್ತಾರೆ. ಕೋಲಾರಕ್ಕೆ ಎರಡು ಹಂತಗಳ ನೀರು ಮಾತ್ರ ಬಂತು. ಮೊದಲ ವರ್ಷವೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೆಯ ಹಂತ ಬೇಕೆಂಬ ಬೇಡಿಕೆ ನ್ಯಾಯವಾದದ್ದು ಎಂದೇ ನಾನು ಭಾವಿಸುತ್ತೇನೆ, ಏಕೆಂದರೆ ಬಿರುಕಿನೊಳಗೆ ಒಮ್ಮೆ ಇಳಿದ ಕೊಳೆಯನ್ನು ಹೊರತೆಗೆಯುವ ಯಂತ್ರ ಇನ್ನೂ ಬಂದಿಲ್ಲ. ಜೊತೆಗೆ, ದಶಕಗಳಿಂದ ಒಣಗಿದ್ದ ಕೆರೆಗಳು ತುಂಬಿ ಸುತ್ತಲಿನ ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಮೇಲೆ ಬಂದದ್ದೂ, ಬೇಸಗೆಯಲ್ಲಿ ಎಮ್ಮೆಗಳು ಕೆರೆಗಿಳಿದದ್ದೂ ನಿಜ.

ಈ ಕೆರೆಗಳ ನೀರು ಅಂತರ್ಜಲಕ್ಕೆ ಇಂಗಲು ಮಾತ್ರ. ಕುಡಿಯುವಂತಿಲ್ಲ, ನೇರವಾಗಿ ಪಂಪು ಮಾಡಿ ಹೊಲಕ್ಕೆ ಹಾಯಿಸುವಂತಿಲ್ಲ. ಹಾಗಾಗಿ ಕೆರೆ ತುಂಬಿದ್ದರೂ ತೂಬಿನ ಬಿರಡೆ ಏಳುವುದಿಲ್ಲ, ಕಲ್ಲುಕಂಬಗಳು ನಡುಮಟ್ಟ ನೀರಿನಲ್ಲಿ ನಿಂತಿರುತ್ತವೆ. ಏರಿಯೇ ಈಗ ಊರಿನ ರಸ್ತೆ. ಬೆಳಿಗ್ಗೆ ಡೇರಿಯಿಂದ ಹಿಂದಿರುಗುವ ಮೊಪೆಡ್ಡುಗಳು ಆ ತುಂಬಿದ ಕೆರೆಯ ದಡದ ಮೇಲೆ ಖಾಲಿ ಕ್ಯಾನು ಇಟ್ಟುಕೊಂಡು ಘಟಕದ ಕಡೆಗೆ ಸಾಗುತ್ತವೆ.